ರಿಪೇರಿ ಆಗಿದೆ, ಬಂದು ತಗೊಂಡ್ಹೋಗ್ರಪ್ಪಾ!

ಮಂಗಳವಾರ, ಬೆಳಗಿನ ಐದೂವರೆ. ಐದು ಮಹಡಿಯ ಆ ಕಟ್ಟಡದಲ್ಲಿ ಯಾರ ಮನೆಯ ದೀಪವೂ ಹೊತ್ತಿಲ್ಲ. ಮೆಟ್ಟಿಲ ಕೆಳಗಿನ ಷೆಡ್ಡಿನಲ್ಲಿ ಮಾತ್ರ ಒಂದು ಬಲ್ಬು ಉರಿಯುತ್ತಿದೆ. ಅದರಡಿ ನಿಂತ ರಿಪೇರಿ ಅಕ್ಕ ಒಂದು ಮಿಕ್ಸಿಯ ಪ್ಲಗ್ ಸಿಕ್ಕಿಸಿ ಗುಂಡಿ ತಿರುಗಿಸುತ್ತಾರೆ. ಬರ್‍ರ್ ಎಂದು ಅದು ಅರಚಿಕೊಳ್ಳುತ್ತದೆ. ಬಾಯಲ್ಲೇ ಇಪ್ಪತ್ತು ಎಣಿಸಿ ಆರಿಸಿ, ಪಕ್ಕಕ್ಕಿಟ್ಟು, ಇನ್ನೊಂದನ್ನು ಎಳೆದುಕೊಳ್ಳುತ್ತಾರೆ. ಮತ್ತೆ ಬರ್‍ರ್. ಹೀಗೆ ಹತ್ತೊಂಬತ್ತು ಮಿಕ್ಸಿ. ಆಮೇಲೆ ಹನ್ನೆರಡು ಟೇಬಲ್ ಫ್ಯಾನು, ಒಂದು ವಾಷಿಂಗ್ ಮೆಷಿನ್ನು. ಮೂರು ಕೆಟಲು, ಎಂಟು ಇಸ್ತ್ರಿಪೆಟ್ಟಿಗೆಗಳಿಗೆ ಈ ಕಸರತ್ತು ಬೇಕಿಲ್ಲ. ಆದರೂ ಒಂದೊಂದನ್ನೇ ಬಿಸಿ ಮಾಡಿ, ಒಳಗೆ ಟಿಕ್ ಎನ್ನುವುದನ್ನು ಕಿವಿಗೊಟ್ಟು ಕೇಳಿಯೇ ಕೆಳಗಿಡುತ್ತಾರೆ.

ಒಟ್ಟು ನಲವತ್ತಮೂರು. ಎಲ್ಲವೂ ಕೆಟ್ಟು ಬಂದವು, ಎಲ್ಲವೂ ರಿಪೇರಿಯಾದವು. ಒಯ್ಯಲು ಮಾತ್ರ ಒಬ್ಬರೂ ಬಂದಿಲ್ಲ. ಕೆಲವು ಮೂರು ತಿಂಗಳಿಂದ ಕೂತಿವೆ, ಕೆಲವು ಮೂರು ವರ್ಷದಿಂದ.

"ಸುಮ್ನೆ ಇಟ್ರೆ, ಮೋಟಾರಿನ ಕಂಬಿ ತಿರುಗೋ ಬಳೆ ಇದೆಯಲ್ಲ, ಆ ಬುಶ್‌ನಲ್ಲಿರೋ ಎಣ್ಣೆ ಒಣಗುತ್ತೆ, ಮೋಟಾರ್ ಹಿಡ್ಕೊಂಡ್ಬಿಡುತ್ತೆ. ಆಮೇಲೆ ಅವರು ಬಂದು, 'ಏನಕ್ಕಾ, ರಿಪೇರೀನೇ ಮಾಡಿಲ್ವಲ್ಲ' ಅಂತಾರೆ. ಅನ್ನಿಸ್ಕೋಬೇಕಾ ನಾನು? ಅದಕ್ಕೇ ವಾರಕ್ಕೊಂದ್ಸಲ ಓಡಿಸ್ತೀನಿ," ಎನ್ನುತ್ತಾರೆ ಅಕ್ಕ. ಹಾಗಾದರೆ ಕೋಳಿ ಕೂಗುವ ಹೊತ್ತಿಗೇ ಏಕೆ? "ಏಳು ಗಂಟೆಗೆ ಎಲ್ಲಾ ಮನೇಲೂ ನೀರು ಕಾಯಿಸೋಕೆ ಶುರು ಮಾಡ್ತಾರಲ್ಲ, ಕರೆಂಟಿಗೆ ಉಸಿರೇ ಇರಲ್ಲ. ಓಡೋ ಮೋಟಾರೂ ಮುಕ್ಕಿರಿಯುತ್ತೆ."

ಏಳನೇ ಮಿಕ್ಸಿಗೆ ಎರಡನೇ ಮಹಡಿಯ ಕಿಟಕಿ ಧಡಾರನೆ ತೆರೆದುಕೊಳ್ಳುತ್ತದೆ. ನಿವೃತ್ತ ಮೇಷ್ಟ್ರು.

"ಏನಮ್ಮಾ ಇದು! ಮನುಷ್ಯರು ಮಲಗೋದು ಬೇಡ್ವಾ?"

"ಆಯ್ತು ಮೇಷ್ಟ್ರೇ, ಇನ್ನು ಹನ್ನೆರಡೇ ಇರೋದು!"

"ಹನ್ನೆರಡಾ!"

ಕಿಟಕಿ ಮತ್ತೆ ಧಡಾರ್. ಒಂದು ವರ್ಷದಿಂದ ಪ್ರತಿ ಮಂಗಳವಾರವೂ ಇದೇ ಸಂಭಾಷಣೆ. ಈ ಸಲ ಮಾತ್ರ ಅದು ಮಾತಿಗೇ ಮುಗಿಯಲಿಲ್ಲ. ಸಂಜೆಯ ಹೊತ್ತಿಗೆ ಷೆಡ್ಡಿನ ಬಾಗಿಲಿಗೆ ಕಟ್ಟಡದ ಸಮಿತಿಯ ಚೀಟಿ ಅಂಟಿತ್ತು. ಭಾನುವಾರ ಹತ್ತು ಗಂಟೆಯೊಳಗೆ 'ಗುಜರಿ' ತೆರವಾಗಬೇಕು. ಇಲ್ಲವಾದರೆ ಗುಜರಿಯವನ ವ್ಯಾನು ಕರೆಸಿ ಎಲ್ಲವನ್ನೂ ತುಂಬಿ ಕಳಿಸಲಾಗುವುದು, ಷೆಡ್ಡನ್ನು ಸ್ಕೂಟರ್ ನಿಲ್ಲಿಸಲು ಬಿಡಲಾಗುವುದು.

ಷೆಡ್ಡು ಹೋಗುತ್ತದೆ ಎನ್ನುವುದಕ್ಕಿಂತ ಅಕ್ಕನಿಗೆ ಮೈಯೆಲ್ಲ ಉರಿದದ್ದು ಆ ಒಂದು ಪದಕ್ಕೆ. "ಗುಜರಿಯಂತೆ ಗುಜರಿ! ಒಂದಾದ್ರೂ ಓಡದೇ ಇರೋದು ತೋರಿಸ್ಲಿ ನೋಡೋಣ!"

ಅಕ್ಕನಿಗೆ ಈಗ ಐವತ್ತನಾಲ್ಕು. ಫ್ಯಾನು ತಯಾರಿಸುವ ಕಾರ್ಖಾನೆಯಲ್ಲಿ ಇಪ್ಪತ್ತೆರಡು ವರ್ಷ ಮೋಟಾರಿಗೆ ತಂತಿ ಸುತ್ತಿದವರು. ಕಾರ್ಖಾನೆ ಮುಚ್ಚಿದಾಗ ಉಳಿದದ್ದು ಎರಡು ಕೈ ಮತ್ತು ಒಂದು ಕಿವಿ. ಇನ್ನೊಂದು ಕಿವಿ ಅಲ್ಲಿನ ಗದ್ದಲಕ್ಕೇ ಮಂದವಾಗಿದೆ. ಗಂಡ ಸರಕಿನ ಆಟೋ ಓಡಿಸುತ್ತಾರೆ, ದಾರಿಯಲ್ಲಿ ಯಾರಾದರೂ ಎಸೆದ ಯಂತ್ರ ಕಂಡರೆ ಹೊತ್ತು ತರುತ್ತಾರೆ. ಷೆಡ್ಡಿನೊಳಗೆ ಕಾಲಿಟ್ಟರೆ ಅದರ ಫಲ ಕಾಣುತ್ತದೆ. ತಂತಿಯ ಸುರುಳಿಗಳ ಬೀರು ಒಂದು ಕಾಲದಲ್ಲಿ ಫ್ರಿಜ್ಜು. ಬಾಗಿಲು ಗಟ್ಟಿಯಾಗಿ ಮುಚ್ಚುವುದರಿಂದ ಒಳಗೆ ತೇವ ಸುಳಿಯುವುದಿಲ್ಲ. ಅಕ್ಕ ಕೂರುವ ಸ್ಟೂಲು ವಾಷಿಂಗ್ ಮೆಷಿನ್ನಿನ ಡ್ರಮ್ಮು. ಅದೇ ಮೆಷಿನ್ನಿನ ಮೋಟಾರು ಈಗ ತಂತಿ ಸುತ್ತುವ ಯಂತ್ರ. ಹಳೆಯ ಐಸ್ ಟ್ರೇಗಳ ಗುಳಿಗಳಲ್ಲಿ ಸ್ಕ್ರೂಗಳು ಅಳತೆಪ್ರಕಾರ ಕೂತಿವೆ. ಅವನ್ನು ಯಾರಾದರೂ ಮುಟ್ಟಿದರೋ, ಮುಗಿಯಿತು.

ದಿನಕ್ಕೆ ಆರೇಳು ಯಂತ್ರ ಬರುತ್ತವೆ. ಒಂದೊಂದರ ಜೊತೆಗೂ ಒಂದೊಂದು ಸುಳ್ಳು ಬರುತ್ತದೆ.

"'ಏನೂ ಮಾಡಿಲ್ಲ ಅಕ್ಕಾ, ತಾನಾಗೇ ನಿಂತೋಯ್ತು' ಅಂತಾರೆ. ಬಿಚ್ಚಿದ್ರೆ ಒಳಗೆ ಚಮಚ! ಚಮಚ ತಾನಾಗೇ ನಡ್ಕೊಂಡು ಹೋಯ್ತಾ? ಇನ್ನು ಕೆಲವರು ಮನೇಲೇ ಬಿಚ್ಚಿರ್ತಾರೆ. ಅದ್ಯಾವುದೋ ವಿಡಿಯೋ ನೋಡಿ. ಜೋಡಿಸೋಕೆ ಬರದೆ ಎಲ್ಲಾ ಪಾತ್ರೆಗೆ ಹಾಕ್ಕೊಂಡು ತರ್ತಾರೆ, 'ಎರಡು ಸ್ಕ್ರೂ ಮಿಕ್ಕಿದೆ, ಬೇಕಾಗುತ್ತಾ ಅಕ್ಕಾ' ಅಂತ ಕೇಳ್ತಾರೆ. ಬೇಡ, ಬೇಡ, ಕಾರ್ಖಾನೆಯೋರು ಅಂದಕ್ಕೆ ಹಾಕಿದ್ರು!"

ಇಷ್ಟೆಲ್ಲ ರೇಗಿದರೂ ಕೆಲಸ ಕೈಬಿಡುವುದಿಲ್ಲ. ರಿಪೇರಿಯಾದದ್ದನ್ನು ಮಾಲೀಕರ ಕಣ್ಣೆದುರು ಓಡಿಸಿ ತೋರಿಸದೆ ಕೊಡುವುದೂ ಇಲ್ಲ. ಮನೆಗೆ ತಲುಪಿಸು ಎಂದರೆ ಜಪ್ಪಯ್ಯ ಎಂದರೂ ಒಪ್ಪುವುದಿಲ್ಲ. ಬರಬೇಕು, ನೋಡಬೇಕು, ಒಯ್ಯಬೇಕು. ಆ ಬರುವುದೇ ಇದೆಯಲ್ಲ, ಅದೇ ಆಗುವುದಿಲ್ಲ.

ಒಯ್ಯದೆ ಉಳಿದದ್ದನ್ನು ಬೇರೆ ಯಾರಿಗಾದರೂ ಕೊಟ್ಟುಬಿಡಬಹುದಲ್ಲ? ಅಕ್ಕ ಒಮ್ಮೆ ಹಾಗೆ ಮಾಡಿದ್ದರು. ಒಂದೂವರೆ ವರ್ಷ ಕಾದು, ಒಂದು ಮಿಕ್ಸಿಯನ್ನು ಹಿಂದಿನ ಬೀದಿಯ ಹೊಸ ಸಂಸಾರಕ್ಕೆ ಕೊಟ್ಟರು. ನಾಲ್ಕನೇ ದಿನಕ್ಕೆ ಮಿಕ್ಸಿಯ ಒಡತಿ ಬಂದು ನಿಂತಳು. ಅಷ್ಟೂ ದಿನ ತಾಯಿಯನ್ನು ಆಸ್ಪತ್ರೆಯಲ್ಲಿ ನೋಡಿಕೊಂಡು, ತಾಯಿಯನ್ನು ಕಳೆದುಕೊಂಡು ಬಂದಿದ್ದಳು. ಮಿಕ್ಸಿ ಆ ತಾಯಿಯದು. "ಓಡಿದೆ ನಾನು. ಮೋಟಾರ್ ವಾಪಸ್ ಸಿಕ್ತು. ಜಾರ್ ಅವರು ಒಡೆದುಹಾಕಿದ್ರು. ಆ ಹುಡುಗಿ ಒಂದ್ ಮಾತೂ ಬೈಲಿಲ್ಲ ಕಣ್ರೀ, ಬರೀ ಮೋಟಾರ್ ಎತ್ಕೊಂಡು ಹೋದ್ಲು. ಬೈದಿದ್ರೆ ಚೆನ್ನಾಗಿತ್ತು." ಅಂದಿನಿಂದ ಬೇರೆಯವರ ವಸ್ತು ಬೇರೆಯವರದ್ದೇ. ಅದರಿಂದ ಒಂದು ಸ್ಕ್ರೂ ಕೂಡ ತೆಗೆಯುವುದಿಲ್ಲ.

ಅಂಥವರ ಕಣ್ಣೆದುರೇ ನಲವತ್ತಮೂರನ್ನೂ ಗುಜರಿ ವ್ಯಾನಿಗೆ ಎಸೆಯುವುದೆಂದರೆ! ಬುಧವಾರದಿಂದ ಶನಿವಾರದವರೆಗೆ ಅಕ್ಕ ಫೋನು ಹಿಡಿದು ಕೂತರು. ಕಟ್ಟಡದೊಳಗಿನವರನ್ನು ಮೆಟ್ಟಿಲಲ್ಲೇ ಅಡ್ಡ ಹಾಕಿ ಹೇಳಿದರು. ಮೇಷ್ಟ್ರಿಗಂತೂ ಇದು ನಾಲ್ಕನೇ ಸಲ ಹೇಳಿದ್ದು. "ಬರ್ತೀನಮ್ಮ, ಬರ್ತೀನಿ," ಎಂದು ಅವರು ಪತ್ರಿಕೆಯಿಂದ ತಲೆ ಎತ್ತದೆ ಮೆಟ್ಟಿಲು ಹತ್ತಿದರು. ಏನನ್ನು ಒಯ್ಯಬೇಕು ಎಂಬುದು ಕಿವಿಗೆ ಬಿದ್ದಿತೋ ಇಲ್ಲವೋ.

ಫೋನಿನಲ್ಲಿ ಸಿಕ್ಕವರದ್ದು ಇನ್ನೊಂದು ಬಗೆ.

"ಯಾವ ಇಸ್ತ್ರಿಪೆಟ್ಟಿಗೆ? ಓ! ಅದಿನ್ನೂ ಇದೆಯಾ?"

"ಇರದೆ ಎಲ್ಲಿಗ್ಹೋಗುತ್ತೆ? ಅದಕ್ಕೇನು ಕಾಲಿದೆಯಾ?"

"ನಾವು ಹೊಸದು ತಗೊಂಡ್ವಿ ಅಕ್ಕಾ."

"ಹಾಗಾದ್ರೆ ಇದನ್ನ ಯಾರಿಗಾದ್ರೂ ಕೊಡ್ಲಾ?"

"ಅಯ್ಯೋ, ಬೇಡ ಬೇಡ! ಇರ್ಲಿ. ಬರ್ತೀವಿ."

ಫೋನು ಇಟ್ಟು ಅಕ್ಕ ಹಣೆ ಹಣೆ ಚಚ್ಚಿಕೊಂಡರು. ಬೇಡವೂ ಬೇಡ, ಕೊಡುವುದೂ ಬೇಡ. ಇಂಥವರಿಗೆ ಏನು ಹೇಳುವುದು? ಗಂಡ ಎರಡೂ ಕಿವಿಗೆ ಹತ್ತಿ ತುರುಕಿಕೊಂಡು ಊಟಕ್ಕೆ ಕೂತಿದ್ದರು. ಹತ್ತಿ ಮಿಕ್ಸಿಯ ಸದ್ದಿಗೋ ಹೆಂಡತಿಯ ಸಿಟ್ಟಿಗೋ ಎಂದು ಕೇಳುವ ಧೈರ್ಯ ಯಾರಿಗೂ ಬರಲಿಲ್ಲ.

ಭಾನುವಾರ ಬೆಳಿಗ್ಗೆ ಒಂಬತ್ತಕ್ಕೇ ವ್ಯಾನು ಬಂದು ಗೇಟಿನಲ್ಲಿ ನಿಂತಿತು. ಅಷ್ಟರಲ್ಲಿ ಗಂಡ ಹೆಂಡತಿ ಇಬ್ಬರೂ ಸೇರಿ ನಲವತ್ತಮೂರನ್ನೂ ಅಂಗಳಕ್ಕೆ ತಂದು ಸಾಲಾಗಿ ಇಟ್ಟಿದ್ದರು. ಪ್ರತಿಯೊಂದರ ಕೊರಳಲ್ಲೂ ಒಂದು ರಟ್ಟಿನ ಚೀಟಿ: ಯಾವ ಮನೆ, ಯಾವಾಗ ಬಂತು, ಏನಾಗಿತ್ತು. ಕಪಾಟಿನಲ್ಲಿ ಗೋಡೆಗೆ ಮುಖ ಮಾಡಿದ್ದ ಚೀಟಿಗಳು ಅಂದು ಮೊದಲ ಬಾರಿಗೆ ಬೀದಿಗೆ ಮುಖ ಮಾಡಿದ್ದವು. ಸಮಿತಿಯ ಕಾರ್ಯದರ್ಶಿ ಬೀಗದ ಕೈ ತಿರುಗಿಸುತ್ತ ಬಂದರು. ಮೇಲ್ವಿಚಾರಣೆಗೆಂದು ಮೇಷ್ಟ್ರೂ ಇಳಿದರು.

"ತುಂಬಿಸ್ರಪ್ಪಾ," ಎಂದರು ಮೇಷ್ಟ್ರು. "ಇದೇ ಮೊದಲು ಹೋಗ್ಲಿ," ಎನ್ನುತ್ತ ತುದಿಯಲ್ಲಿದ್ದ ಬಿಳಿ ಮಿಕ್ಸಿಗೆ ಬೆರಳು ಮಾಡಿದವರು, ಚೀಟಿ ಓದಿ ಕನ್ನಡಕ ಮೇಲಕ್ಕೇರಿಸಿಕೊಂಡರು. ಎರಡನೇ ಮಹಡಿ, ಎಡಗಡೆ ಮನೆ. ಎರಡು ವರ್ಷದ ಹಿಂದಿನ ತಾರೀಖು.

"ಇದು... ನಮ್ಮದು ಕೆಟ್ಟುಹೋಗಿತ್ತಲ್ಲಮ್ಮಾ?"

"ಕೆಟ್ಟಿತ್ತು ಮೇಷ್ಟ್ರೇ. ಅದಕ್ಕೇ ಅಲ್ವಾ ನೀವು ರಿಪೇರಿಗೆ ಕೊಟ್ಟಿದ್ದು?"

ಅಂಗಳದಲ್ಲಿ ಯಾರೋ ಕಿಸಕ್ಕೆಂದರು. ಅಕ್ಕ ನಗಲಿಲ್ಲ. ಉದ್ದನೆಯ ವೈರು ಎಳೆದು ತಂದು ಪ್ಲಗ್ ಸಿಕ್ಕಿಸಿ ಗುಂಡಿ ತಿರುಗಿಸಿದರು. ಬರ್‍ರ್!

"ಈ ಸದ್ದು ಗುರುತು ಸಿಕ್ತಾ? ವಾರವಾರ ಏಳನೇದು ಓಡಿಸ್ತಿದ್ದೆನಲ್ಲ, ನೀವು ಕಿಟಕಿ ತೆಗೀತಿದ್ರಲ್ಲ, ಅದು ಇದೇ. ನಾಲ್ಕು ಸಲ ಹೇಳಿದೀನಿ, ತಗೊಂಡ್ಹೋಗಿ, ತಗೊಂಡ್ಹೋಗಿ ಅಂತ. ಗೋಡೆಗೆ ಹೇಳಿದ್ರೂ ಇಷ್ಟೊತ್ತಿಗೆ ಇಳಿದು ಬರ್ತಿತ್ತು!"

ಮೇಷ್ಟ್ರ ಮುಖ ಪೆಚ್ಚಾಯಿತು. ಕಾರ್ಯದರ್ಶಿ ನಗು ತಡೆಯಲು ಪಕ್ಕಕ್ಕೆ ತಿರುಗಿದವರು, ಅಲ್ಲಿದ್ದ ಫ್ಯಾನಿನ ಚೀಟಿಯಲ್ಲಿ ತಮ್ಮದೇ ಮನೆಯ ಸಂಖ್ಯೆ ಕಂಡು ಅದನ್ನು ಮೆಲ್ಲಗೆ ತಮ್ಮತ್ತ ಎಳೆದುಕೊಂಡರು. ಒಬ್ಬೊಬ್ಬರಾಗಿ ಮೇಲಿನವರೆಲ್ಲ ಇಳಿದು ಬಂದರು. ಬಂದವರಿಗೆಲ್ಲ ಅಕ್ಕ ಓಡಿಸಿ ತೋರಿಸಿದರು, ಜೊತೆಗೆ ಮನಸಾರೆ ಬೈದರು. ಫೋನಿನಲ್ಲಿ ಸಿಕ್ಕಿದ್ದವರಲ್ಲಿಯೂ ಕೆಲವರು ಬಂದರು. ಮಧ್ಯಾಹ್ನದ ಹೊತ್ತಿಗೆ ಇಪ್ಪತ್ತಾರು ಯಂತ್ರಗಳು ಮನೆ ಸೇರಿದ್ದವು. ಉಳಿದ ಹದಿನೇಳು ಒಂದೇ ಕಪಾಟಿನಲ್ಲಿ ಹಿಡಿಸಿದವು. ಗುಜರಿ ಎಂಬ ಪದವನ್ನು ಕಾರ್ಯದರ್ಶಿ ತಾವೇ ಚೀಟಿಯ ಸಮೇತ ಬಾಗಿಲಿನಿಂದ ಕೆರೆದು ತೆಗೆದರು. ಷೆಡ್ಡು ಉಳಿಯಿತು, ಒಂದೇ ಷರತ್ತಿನ ಮೇಲೆ: ಕಸರತ್ತು ಇನ್ನು ಮೇಲೆ ಮಧ್ಯಾಹ್ನ ಮೂರಕ್ಕೆ. ಅಕ್ಕನ ಗಂಡ ಎಂದೋ ಹೊತ್ತು ತಂದಿದ್ದ ಎರಡು ಸುಟ್ಟ ಮೋಟಾರನ್ನಷ್ಟೇ ವ್ಯಾನಿನವನು ಹಾಕಿಕೊಂಡು ಗೊಣಗುತ್ತ ಹೋದ.

ಮತ್ತೆ ಮಂಗಳವಾರ. ಐದೂವರೆಗೆ ಅಭ್ಯಾಸಬಲದಿಂದ ಎಚ್ಚರವಾಗಿ ಅಕ್ಕ ಚಹದ ಲೋಟ ಹಿಡಿದು ಷೆಡ್ಡಿನ ಬಾಗಿಲಲ್ಲಿ ನಿಂತಿದ್ದಾರೆ. ಕೈಗೆ ಕೆಲಸವಿಲ್ಲ. ನಿಶ್ಶಬ್ದ ಅವರಿಗೆ ಒಗ್ಗುತ್ತಿಲ್ಲ. "ಏನೋ ಕಳ್ಕೊಂಡ ಹಾಗಿದೆ," ಎಂದು ಸಿಡುಕುತ್ತಾರೆ.

ಆಗ ಎರಡನೇ ಮಹಡಿಯ ಅಡುಗೆಮನೆಯಲ್ಲಿ ದೀಪ ಹೊತ್ತುತ್ತದೆ. ಬರ್‍ರ್! ಅಕ್ಕ ಒಳ್ಳೆಯ ಕಿವಿಯನ್ನು ಅತ್ತ ತಿರುಗಿಸುತ್ತಾರೆ. "ಮೇಷ್ಟ್ರ ಮನೇದು. ಕೇಳಿ, ಹೇಗೆ ಓಡ್ತಿದೆ! ಬುಶ್ ನಾನೇ ಹಾಕಿದ್ದು." ಮುಖ ಅರಳುವಷ್ಟರಲ್ಲಿ ಸದ್ದು ದಪ್ಪವಾಗುತ್ತದೆ, ಮುಲುಕುತ್ತದೆ. ಅಕ್ಕನ ಚಹ ಚೆಲ್ಲುತ್ತದೆ.

"ಅಯ್ಯೋ ರಾಮಾ, ಕಂಠಮಟ್ಟ ತುಂಬಿಸಿಬಿಟ್ರು! ಮೇಷ್ಟ್ರೇ! ಅರ್ಧ ತೆಗೀರಿ! ಅರ್ಧ ತೆಗೆದು ನೀರು ಹಾಕ್ರೀ!"

ಇಡೀ ಕಟ್ಟಡಕ್ಕೇ ಎಚ್ಚರವಾಗುವಂಥ ಕೂಗು. ಒಂದೊಂದೇ ಕಿಟಕಿ ತೆರೆದುಕೊಳ್ಳುತ್ತದೆ. ಮೇಲೆ ಸದ್ದು ನಿಲ್ಲುತ್ತದೆ. ಮುಚ್ಚಳ ತೆಗೆದ ಸಪ್ಪಳ, ನೀರು ಸುರಿದ ಸಪ್ಪಳ. ಮಿಕ್ಸಿ ಮತ್ತೆ ಶುರುವಾಗುತ್ತದೆ, ಈ ಸಲ ಹಗುರವಾಗಿ, ಸರಾಗವಾಗಿ.

ಅಕ್ಕ ಬಾಯಲ್ಲೇ ಇಪ್ಪತ್ತು ಎಣಿಸುತ್ತಾರೆ.

"ಹಾಂ. ಇನ್ನು ಹತ್ತು ವರ್ಷ ಏನೂ ಆಗಲ್ಲ ಬಿಡಿ ಅದಕ್ಕೆ," ಎಂದು ಲೋಟದಲ್ಲಿ ಉಳಿದ ಚಹ ಕುಡಿಯುತ್ತಾರೆ.