ಹಡಗು ಹತ್ತದ ಚಿಕ್ಕಪ್ಪ

ಕಮಟು ಹಿಡಿದ ಕೊಬ್ಬರಿಯ ವಾಸನೆ ಎಲ್ಲಿ ಬಂದರೂ ನನಗೆ ಇಂಗ್ಲಿಷ್ ಕಾದಂಬರಿಗಳು ನೆನಪಾಗುತ್ತವೆ. ನಗಬೇಡಿ. ಎಪ್ಪತ್ತರ ದಶಕದಲ್ಲಿ ತರೀಕೆರೆ ಬಸ್‌ಸ್ಟ್ಯಾಂಡಿನ ಹಿಂದೆ ನಮ್ಮಜ್ಜನ ಕೊಬ್ಬರಿ ಅಂಗಡಿಯಿತ್ತು, ಅದರ ಮೇಲೆ ಅಟ್ಟದಂಥ ಮನೆ. ಅಂಗಡಿಯ ವಾಸನೆ ಮರದ ಮೆಟ್ಟಿಲು ಹತ್ತಿಕೊಂಡು ಬಂದು ನಮ್ಮ ಹಾಸಿಗೆ, ಅಮ್ಮನ ಸೀರೆ, ಕೊನೆಗೆ ಚಿಕ್ಕಪ್ಪನ ಪುಸ್ತಕಗಳೊಳಗೂ ಸೇರಿಕೊಂಡಿತ್ತು. ಬೆಟ್ಟದ ಮೇಲಿನ ಕಾಫಿ ತೋಟದ ಬಿಳಿಯ ದೊರೆಯೊಬ್ಬ ಬಿಟ್ಟುಹೋದ ಪುಸ್ತಕಗಳವು. ಚಿಕ್ಕಪ್ಪ ರದ್ದಿಯವನಿಂದ ತಂದಿದ್ದ. ಎಲ್ಲದರಲ್ಲೂ ಒಬ್ಬ ದೊರೆ, ಒಂದು ಹಡಗು, ಒಂದು ಕಾಡು. ದೊರೆ ಅಳುವುದಿಲ್ಲ, ಹೆದರುವುದಿಲ್ಲ, ಹಿಂದೆ ತಿರುಗಿ ನೋಡುವುದಿಲ್ಲ.

ಅಂಗಡಿ ಬಾಗಿಲು ಹಾಕಿದ ಮೇಲೆ ಚಿಕ್ಕಪ್ಪ ಅದನ್ನೆಲ್ಲ ನನಗೂ ತಮ್ಮನಿಗೂ ಕನ್ನಡದಲ್ಲಿ ಓದಿ ಹೇಳುತ್ತಿದ್ದ. "ಗಂಡ್ಸು ಅಂದ್ರೆ ಹಿಂಗಿರ್ಬೇಕು ಕಣೋ" ಎಂದು ತಮ್ಮನ ಬೆನ್ನು ನೆಟ್ಟಗೆ ಮಾಡುತ್ತಿದ್ದ. ಕಥೆಯಲ್ಲಿ ಹೆಂಗಸರೇ ಇಲ್ಲವಾ ಎಂದು ನಾನು ಕೇಳಿದರೆ, "ಇರ್ತಾರೆ, ಊರಲ್ಲಿ ಕಾಯ್ತಾ ಇರ್ತಾರೆ" ಎಂದು ಪುಟ ತಿರುವುತ್ತಿದ್ದ. ನನಗೆ ಮೈಯೆಲ್ಲ ಉರಿದುಹೋಗುತ್ತಿತ್ತು. ಆದರೂ ಕಥೆ ಬಿಟ್ಟು ಏಳಲು ಮನಸ್ಸಾಗುತ್ತಿರಲಿಲ್ಲ. ದೊರೆಯ ಪೆಟ್ಟಿಗೆಗಳನ್ನು ಹೊತ್ತು ನಡೆಯುವ ಕಾಡಿನ ಜನರನ್ನು ಚಿಕ್ಕಪ್ಪ ಪುಸ್ತಕದಲ್ಲಿದ್ದಂತೆಯೇ 'ನೇಟಿವ್ಸ್' ಎನ್ನುತ್ತಿದ್ದ. ನಮಗೋ ನೇಟಿವ್ ಎಂದರೆ ಅಜ್ಜನ ಹುಟ್ಟೂರು. ರಜೆಗೆ ನೇಟಿವ್‌ಗೆ ಹೋಗುವುದೆಂದರೆ ಬಸ್ಸು ಹತ್ತಿ ಯಗಟಿಗೆ ಹೋಗುವುದು. "ಹಂಗಾದ್ರೆ ಪೆಟ್ಟಿಗೆ ಹೊರೋರು ಯಗಟಿಯೋರಾ ಚಿಕ್ಕಪ್ಪ?" ಎಂದೆ. ಅವನು ಮುಖ ಸಿಂಡರಿಸಿದ. "ನಾವಲ್ಲ ಕಣೇ, ಅವ್ರು ಬೇರೆ" ಎಂದ. ಆ ಮಾತನ್ನು ಅವನು ನಿಜವಾಗಿಯೂ ನಂಬಿದ್ದ, ಪಾಪ.

ಅವನಿಗೆ ಹಡಗಿನ ಕೆಲಸಕ್ಕೆ ಸೇರಬೇಕಿತ್ತು. ಅಟ್ಟದ ಒಂದೇ ಕಿಟಕಿಯ ಸರಳು ಹಿಡಿದು, ಹೊರಡುವ ಬಸ್ಸುಗಳನ್ನು ನೋಡುತ್ತ ನಿಂತುಬಿಡುತ್ತಿದ್ದ. ನಮ್ಮಪ್ಪ ತೀರಿಕೊಂಡ ಮೇಲೆ ಅಜ್ಜನಿಗೆ ಉಳಿದ ಮಗ ಅವನೊಬ್ಬನೇ. ಮಂಗಳೂರಿನಿಂದ ಹಡಗಿನ ಕಂಪನಿಯೊಂದರ ಸಂದರ್ಶನಕ್ಕೆ ಕರೆ ಬಂದಾಗ ಅಜ್ಜ, "ಒಂದ್ಸಲ ಹೋಗ್ಬಾ. ಆಗ್ಲಿಲ್ಲ ಅಂದ್ರೆ ತೆಪ್ಪಗೆ ತಕ್ಕಡಿ ಹಿಡೀಬೇಕು" ಎಂದ. ಚಿಕ್ಕಪ್ಪ ಇಸ್ತ್ರಿ ಮಾಡಿದ ಅಂಗಿ ತೊಟ್ಟು, ನಮ್ಮ ಕಡೆ ತಿರುಗಿಯೂ ನೋಡದೆ ಬಸ್ಸು ಹತ್ತಿದ.

ಮರುದಿನ ರಾತ್ರಿಯೇ ವಾಪಸಾದ. ಊಟಕ್ಕೆ ಕೂತಾಗ ಅಮ್ಮ ಕೇಳಿದ್ದಕ್ಕೆ ತಾನೇ ಹೇಳಿದ. ಅಲ್ಲಿನ ಅಧಿಕಾರಿ ಊರು ಯಾವುದೆಂದು ತಿಳಿಯಲು, "ಯುವರ್ ನೇಟಿವ್?" ಎಂದು ಕೇಳಿದನಂತೆ. ಚಿಕ್ಕಪ್ಪ ಎದೆ ಸೆಟೆದು, ತಾನು ನೇಟಿವ್ ಅಲ್ಲ ಎಂದು ಇಂಗ್ಲಿಷಿನಲ್ಲೇ ಉತ್ತರ ಕೊಟ್ಟನಂತೆ. ಕೋಣೆಯಲ್ಲಿದ್ದವರೆಲ್ಲ ಬಿದ್ದು ಬಿದ್ದು ನಕ್ಕರಂತೆ. ಕೆಲಸ ಇಲ್ಲ ಎಂದು ಅಲ್ಲೇ ಹೇಳಿ ಕಳಿಸಿದರಂತೆ. ಅಜ್ಜ ಮುದ್ದೆ ಮುರಿಯುತ್ತ, "ಮತ್ತೆ ಯಾವೂರೋನಂತೆ ಇವ್ನು?" ಎಂದ. ತಮ್ಮ ಕಿಸಕ್ಕನೆ ನಕ್ಕ. ಚಿಕ್ಕಪ್ಪನೂ ನಕ್ಕ. ಅವನ ಕಣ್ಣು ತುಂಬಿತ್ತು, ಒಂದು ಹನಿಯನ್ನೂ ಬೀಳಲು ಬಿಡಲಿಲ್ಲ. ಇನ್ನೊಂದು ಸಲ ಹೋಗಿಬರುತ್ತೇನೆ ಎಂದೂ ಕೇಳಲಿಲ್ಲ. ಅವತ್ತು ಅತ್ತುಬಿಟ್ಟಿದ್ದರೆ ಅಜ್ಜ ಕರಗುತ್ತಿದ್ದ; ನಮ್ಮಜ್ಜ ಅಂಥ ಕಲ್ಲಲ್ಲ. ಬೆಳಗಾದ ಮೇಲೆ ಚಿಕ್ಕಪ್ಪ ಅಂಗಡಿಗೆ ಇಳಿದು ತಕ್ಕಡಿ ಹಿಡಿದ.

ಈಗ ಆ ಅಂಗಡಿಯಿಲ್ಲ, ಅಟ್ಟವಿಲ್ಲ, ಅವರ್ಯಾರೂ ಇಲ್ಲ. ನಿಮ್ಮ ಮನೆಯಲ್ಲೂ ಇಂಥವನೊಬ್ಬ ಇದ್ದಿರಬಹುದು, ನೆನಪಿಸಿಕೊಳ್ಳಿ. ಎಂಬತ್ತರ ದಶಕದಲ್ಲಿ ಅಜ್ಜ ತೀರಿಕೊಂಡ. ತಮ್ಮನಿಗೆ ಕಡೂರಿನಲ್ಲಿ ಕೆಲಸವಾಗಿತ್ತು. ಚಿಕ್ಕಪ್ಪನನ್ನು ತಡೆಯುವವರು ಯಾರೂ ಉಳಿದಿರಲಿಲ್ಲ. ಒಂದು ಮಧ್ಯಾಹ್ನ ಅವನು ಅಂಗಡಿಯಲ್ಲಿ ಕೂತು ಕೊಬ್ಬರಿ ಆರಿಸುತ್ತಿದ್ದಾಗ ಪಕ್ಕಕ್ಕೆ ಹೋಗಿ ಕೂತೆ.

"ಈಗಾದ್ರೂ ಹೋಗ್ಬೋದಲ್ಲ ಚಿಕ್ಕಪ್ಪ" ಎಂದೆ.

"ಎಲ್ಲಿಗೆ ಕಣೇ?" ಎಂದ.

ತಮಾಷೆ ಮಾಡುತ್ತಿದ್ದಾನೆ ಎಂದುಕೊಂಡು ನಕ್ಕೆ. ಅವನು ಕೈಯಲ್ಲಿದ್ದ ಕೊಬ್ಬರಿ ಕೆಳಗಿಟ್ಟು, ಎಲ್ಲಿಗೆಂದು ನಿಜಕ್ಕೂ ಗೊತ್ತಿಲ್ಲದವನ ಹಾಗೆ, ನಾನು ಏನು ಹೇಳುತ್ತೇನೋ ಎಂದು ಕಾಯುತ್ತಿದ್ದ.