ಬಟ್ಟಲು ನೋಡದೆ ಚೀಲ ಬಿಚ್ಚದ ಡಾಕ್ಟರಮ್ಮ

ಬೆಳಗಿನ ಆರು ಗಂಟೆ. ಎರಡನೇ ಮಹಡಿಯ ಪುಟ್ಟ ಅಡುಗೆಮನೆಯಲ್ಲಿ ಡಾಕ್ಟರಮ್ಮ ಬಗ್ಗಿ ನಿಂತಿದ್ದಾರೆ. ಔಷಧದ ಚೀಲ ಇನ್ನೂ ಹೆಗಲಿನಿಂದ ಇಳಿದಿಲ್ಲ. ಬೆಕ್ಕಿಗೆ ನೋವಿಲ್ಲದ ಸಾವು ಕೊಡಿ ಎಂದು ಮನೆಯವರು ಕರೆಸಿದ್ದಾರೆ. ಬೆಕ್ಕು ಒಳಕೋಣೆಯಲ್ಲಿದ್ದರೆ, ಇವರ ಕಣ್ಣು ಮೂಲೆಯಲ್ಲಿರುವ ಅದರ ಬಟ್ಟಲಿನ ಮೇಲೆ. ಅದನ್ನು ತೊಳೆದು ಬೋರಲು ಹಾಕಿದ್ದಾರೆ.

“ಬೆಕ್ಕಿನ್ನೂ ಉಸಿರಾಡ್ತಿದೆ, ಬಟ್ಟಲು ಆಗ್ಲೇ ಎತ್ತಿಟ್ಟುಬಿಟ್ರಾ?”

ಮನೆಯ ಯಜಮಾನ ದರ್ಜಿ ತಲೆ ತಗ್ಗಿಸುತ್ತಾನೆ. ಡಾಕ್ಟರಮ್ಮ ಹುಬ್ಬು ಗಂಟಿಕ್ಕುತ್ತಾರೆ. ಹೊಲಿಗೆ ಯಂತ್ರದ ಮೇಲೆ ಗಿರಾಕಿಯ ರೇಷ್ಮೆ ಬಟ್ಟೆ. ಅದರ ತುಂಬ ಬೆಕ್ಕಿನ ಕೂದಲು. ಬೆಕ್ಕು ಬೇಡವಾಗಲು ಇಷ್ಟು ಸಾಲದೇ?

ಈ ಪಶುವೈದ್ಯೆ ಮನೆಮನೆಗೆ ಹೋಗಿ ಈ ಕೆಲಸ ಮಾಡಲು ತೊಡಗಿ ಹದಿನಾಲ್ಕು ವರ್ಷ. ತಿಂಗಳಿಗೆ ಎಂಟೋ ಒಂಬತ್ತೋ ಕರೆ. ಮೊದಲ ವರ್ಷವೇ ಒಂದು ಮನೆಯವರು ಬೆಕ್ಕಿಗೆ ವಾಸಿಯಾಗದ ಕಾಯಿಲೆ ಎಂದು ಅತ್ತು ಕರೆದು ನಂಬಿಸಿದ್ದರು. ಎಲ್ಲ ಮುಗಿದ ಮೇಲೆ ಪಕ್ಕದ ಮನೆಯಾಕೆ ಬಾಯಿಬಿಟ್ಟಳು: ಅವರು ಮನೆ ಬದಲಾಯಿಸುತ್ತಿದ್ದರು, ಹೊಸ ಮನೆಗೆ ಬೆಕ್ಕು ಬೇಡವಾಗಿತ್ತು. “ಅವತ್ತಿಂದ ಕಣ್ಣೀರು ನಂಬಲ್ಲ, ಬಟ್ಟಲು ನಂಬ್ತೀನಿ” ಎನ್ನುತ್ತಾರೆ ಡಾಕ್ಟರಮ್ಮ.

ದರ್ಜಿ ಕೊನೆಗೂ ಬಾಯಿ ತೆರೆಯುತ್ತಾನೆ. “ನಾಲ್ಕು ದಿನದಿಂದ ನಮ್ಮ ಬೆಕ್ಕು ಸಾಹೇಬಂಗೆ ಕತ್ತು ಬಗ್ಗಿಸೋಕಾಗ್ತಿಲ್ಲ. ಬೆರಳಲ್ಲಿ ನೀರು ನೆಕ್ಕಿಸ್ತಿದೀನಿ. ಆ ಬಟ್ಟಲು ನೋಡಿದ್ರೆ ಸಂಕಟ ಆಗ್ತಿತ್ತು.”

“ನಂಗೆ ಜ್ವರ ಬಂದಾಗ ಒಂದು ಲೋಟ ನೀರು ಕೊಟ್ಟವರಲ್ಲ ಈ ಪುಣ್ಯಾತ್ಮ!” ಎಂದು ಹೆಂಡತಿ ಕಣ್ಣೊರೆಸಿಕೊಳ್ಳುತ್ತಾಳೆ.

ಅಷ್ಟಕ್ಕೆಲ್ಲ ಡಾಕ್ಟರಮ್ಮ ಕರಗುವುದಿಲ್ಲ. ಬೆಕ್ಕಿನ ರಕ್ತಪರೀಕ್ಷೆಯ ಚೀಟಿಯ ತಾರೀಖನ್ನು ಎರಡು ಸಲ ನೋಡುತ್ತಾರೆ. ಒಳಕೋಣೆಗೆ ಹೋಗಿ, ಸ್ಟೆತಾಸ್ಕೋಪನ್ನು ಅಂಗೈಯಲ್ಲಿ ಬೆಚ್ಚಗೆ ಮಾಡಿಕೊಂಡು ಸಾಹೇಬನ ಎದೆಗಿಡುತ್ತಾರೆ. ಬಿಳಿಚಿದ ಒಸಡು, ಕೈಕೊಟ್ಟ ಮೂತ್ರಪಿಂಡ. ಉಳಿಸುವ ದಾರಿಯಿಲ್ಲ. ಚೀಲ ಹೆಗಲಿಂದ ಇಳಿಯುತ್ತದೆ.

ಈಗ ಅನುಮಾನ ಪಡುವ ಸರದಿ ದರ್ಜಿಯದು. “ನೋವಾಗಲ್ಲ ಅಂತ ಸುಮ್ನೆ ಹೇಳ್ತಿಲ್ಲ ತಾನೇ?”

“ಮೊದಲನೇ ಸೂಜಿ ಚುಚ್ಚಿದ್ದು ಗೊತ್ತಾಗುತ್ತಪ್ಪ, ಸುಳ್ಳು ಹೇಳಲ್ಲ. ಅದು ನಿದ್ದೆಗೆ. ಎರಡನೇದು ಗೊತ್ತೇ ಆಗಲ್ಲ.”

ಮೊದಲ ಸೂಜಿ ಚುಚ್ಚುತ್ತಿದ್ದಂತೆ ದರ್ಜಿ ಬೆರಳು ಒದ್ದೆ ಮಾಡಿ ಮುಂದೆ ಹಿಡಿಯುತ್ತಾನೆ. ಸಾಹೇಬ ನೆಕ್ಕುತ್ತ ನೆಕ್ಕುತ್ತಲೇ ನಿದ್ದೆಗೆ ಜಾರುತ್ತಾನೆ. ಆ ಬೆರಳು ತಾನಾಗಿ ಹಿಂದೆ ಸರಿಯುವವರೆಗೂ ಡಾಕ್ಟರಮ್ಮ ಎರಡನೇ ಸೂಜಿ ಎತ್ತುವುದಿಲ್ಲ.

ಎಲ್ಲ ಮುಗಿದು ಹೊರಡುವಾಗ ಹೆಂಡತಿ ಕೇಳುತ್ತಾಳೆ, “ಎಲ್ಲರ ಮೇಲೂ ಹಿಂಗೇ ಅನುಮಾನಾನಾ ನಿಮ್ಗೆ?”

“ಹೂಂ ಕಣಮ್ಮ. ಪ್ರತಿ ಬಾಗಿಲು ತಟ್ಟುವಾಗ್ಲೂ, ಇವ್ರು ಹೇಳೋದು ಸುಳ್ಳೇ ಆಗಿರಲಪ್ಪ ದೇವ್ರೇ ಅಂತಾನೇ ಬೇಡ್ಕೋತೀನಿ. ಸುಳ್ಳು ಹೇಳಿದವ್ರ ಏಳು ಬೆಕ್ಕು ನಮ್ಮನೇಲಿ ಆರಾಮಾಗಿವೆ.”