ಗಿಟಾರಿಗೆ ಜವಾರಿ ಮಾಡಿದ ಕಾಕಾ

ಅವರ ತುಟಿಯ ಎಡಮೂಲೆಯಿಂದ ಸದಾ ಒಂದು ಬಿಳಿ ಹತ್ತಿ ದಾರ ಜೋತಾಡುತ್ತಿತ್ತು. ಗೇಣುದ್ದವೂ ಇಲ್ಲದ, ಎಂಜಲಿಗೆ ನೆನೆದ ದಾರ. ಮೊದಲ ಸಲ ನೋಡಿದಾಗ ಈ ಮನುಷ್ಯ ಶ್ಯಾವಿಗೆ ಉಂಡು ಬಾಯಿ ಒರೆಸಿಕೊಂಡಿಲ್ಲ ಎಂದುಕೊಂಡೆ. ಹಾಗೆಂದು ಹೇಳಿಯೂ ಬಿಟ್ಟೆ.

"ಶ್ಯಾವಿಗಿ ಅಲ್ರಿ ಅಕ್ಕಾರ, ಇದು ತಂಬೂರಿ ಜೀವ," ಎಂದರು, ಬಾಯಿಯ ಇನ್ನೊಂದು ಮೂಲೆಯಿಂದ.

ಅದು ತೊಂಬತ್ತರ ಸುಮಾರಿನ ಮಾತು. ನಾನು ಕೇಶ್ವಾಪುರದ ಮನೆಯಲ್ಲಿ ಜೋಳದ ರೊಟ್ಟಿ ಬಡಿದು, ಬುಟ್ಟಿಯಲ್ಲಿ ಹೊತ್ತು, ದುರ್ಗದಬೈಲಿನ ಅಂಗಡಿಗಳಿಗೆ ಕೊಟ್ಟು ಬರುತ್ತಿದ್ದೆ. ಅಲ್ಲಿ ಹಿಂದಿನ ಓಣಿಯಲ್ಲಿ ಇವರದೊಂದು ಅಂಗಡಿ. ಪೇಟಿ, ಅಂದರೆ ಹಾರ್ಮೋನಿಯಂ, ರಿಪೇರಿ ಮಾಡುತ್ತಿದ್ದರು. ತಂಬೂರಿಗೆ ತಂತಿ ಕಟ್ಟುತ್ತಿದ್ದರು. ಮೀರಜದಲ್ಲಿ ಕೆಲಸ ಕಲಿತವರು. ಎಲ್ಲರಿಗೂ ಅವರು ಪೇಟಿ ಕಾಕಾ.

ದಾರಕ್ಕೆ ಜೀವ ಅನ್ನುವುದೇಕೆ ಎಂದು ಕೇಳಿದೆ. ಅವರು ಮೂಲೆಯಲ್ಲಿದ್ದ ತಂಬೂರಿಯನ್ನು ತೊಡೆಗೆ ಎಳೆದುಕೊಂಡು ಒಂದು ತಂತಿ ಮೀಟಿದರು. ಟಣ್ ಎಂದು ಸತ್ತುಹೋಯಿತು. ಬಾಯಿಂದ ದಾರ ತೆಗೆದು, ತಂತಿ ಒರಗಿದ್ದ ಎಲುಬಿನ ಪಟ್ಟಿಗೂ ತಂತಿಗೂ ನಡುವೆ ತೂರಿಸಿ, ಕೂದಲೆಳೆಯಷ್ಟು ಹಿಂದೆ ಮುಂದೆ ಸರಿಸಿ ಮತ್ತೆ ಮೀಟಿದರು. ಮರದ ಪೊಟರೆಯಲ್ಲಿ ಜೇನುಹುಳ ಎದ್ದ ಹಾಗಾಯಿತು. ಅದೇ ತಂತಿ, ಅದೇ ಬೆರಳು. ಎಲುಬಿನ ಪಟ್ಟಿಯನ್ನು ಅರದಿಂದ ತಿಕ್ಕಿ ತಿಕ್ಕಿ ತಂತಿ ಅದರ ಮೇಲೆ ಸವರಿಕೊಂಡು ನಡುಗುವಂತೆ ಮಾಡಬೇಕಂತೆ. ಆ ಕೆಲಸಕ್ಕೆ ಜವಾರಿ ಎನ್ನುತ್ತಾರೆ ಎಂದರು. ನಾನು ನಾಲ್ಕನೆಯ ಇಯತ್ತೆಗೆ ಶಾಲೆ ಬಿಟ್ಟವಳು. ಅಂದಿನಿಂದ ರೊಟ್ಟಿ ಕೊಟ್ಟ ಮೇಲೆ ದಿನಾ ಕಾಲು ತಾಸು ಅಲ್ಲಿ ಕೂಡುವುದು ರೂಢಿಯಾಯಿತು. ನನಗೆ ಅದೇ ಶಾಲೆ.

ಮನುಷ್ಯ ಬಹಳ ಮಾತಿನವರು. ಚಹಾ ಬಸಿಯಲ್ಲಿ ಆರುವವರೆಗೆ ಮೂರು ಜನರನ್ನು ಬೈಯುತ್ತಿದ್ದರು. ಪೇಟಿ ಕೊಳ್ಳಲು ಬಂದವರು ಒಂದು ಹಾಡು ಬಾರಿಸಿ ತೋರಿಸಿ ಎಂದರೆ ಸಿಟ್ಟು ಬರುತ್ತಿತ್ತು. "ಹಾಡಿನ್ಯಾಗ ಏನ ಬೇಕಾದ್ದು ಮುಚ್ಚಿಡಬಹುದು. ಒಂದೊಂದ ಮನಿ ಒತ್ತಿ ನೋಡು," ಎಂದು ಪೇಟಿಯ ಕರಿ ಬಿಳಿ ಕೀಲಿಗಳನ್ನು ತೋರಿಸುತ್ತಿದ್ದರು. ಇಷ್ಟು ವರ್ಷದಲ್ಲಿ ನಾನು ಕಂಡುಕೊಂಡದ್ದೊಂದಿತ್ತು. ದಾರ ಬಾಯಲ್ಲಿದ್ದಾಗ ಅವರು ಆಡುವುದೆಲ್ಲ ಹರಟೆ. ದಾರ ತೆಗೆದು ಬೆರಳಿಗೆ ಸುತ್ತಿಕೊಂಡರೆ ಕಿವಿ ಕೊಡಬೇಕು.

ಎರಡು ಸಾವಿರದ ನಾಲ್ಕೋ ಐದೋ ಇರಬೇಕು. ಕಾಲೇಜಿನಲ್ಲಿದ್ದ ನನ್ನ ಮೊಮ್ಮಗಳಿಗೆ ಗಿಟಾರಿನ ಹುಚ್ಚು ಹಿಡಿದಿತ್ತು. ಅವಳ ವರ್ಗದ ಮೂವರು ಹುಡುಗರದೊಂದು ಬ್ಯಾಂಡು. ರಾಕ್ ಅಂತೆ, ಮೆಟಲ್ ಅಂತೆ. ಕಾಲೇಜಿನ ಗ್ಯಾದರಿಂಗಿಗೆ, ಅಂದರೆ ವಾರ್ಷಿಕೋತ್ಸವಕ್ಕೆ, ಬಾರಿಸುವವರಿದ್ದರು. ನಿನ್ನದೇ ಕರೆಂಟಿನ ಗಿಟಾರ್ ತಂದರೆ ನೀನು, ಇಲ್ಲವಾದರೆ ಧಾರವಾಡದ ಹುಡುಗನೊಬ್ಬ ಇದ್ದಾನೆ ಎಂದು ಅವಳಿಗೆ ಹೇಳಿಬಿಟ್ಟಿದ್ದರು. ಹೊಸದು ಕೊಳ್ಳುವ ಶಕ್ತಿ ನಮಗಿರಲಿಲ್ಲ. ಹಳೆಯದನ್ನಾದರೂ ಎರಡನೆಯ ಸಲ ಕೊಳ್ಳುವಂತಿರಲಿಲ್ಲ. ಆರ್ಕೆಸ್ಟ್ರಾದವರು ಬಿಟ್ಟುಹೋದ ಮೂರು ಗಿಟಾರು ಕಾಕಾನ ಅಂಗಡಿಯಲ್ಲಿ ತೂಗುಬಿದ್ದಿದ್ದವು. ಅವಳನ್ನು ಅಲ್ಲಿಗೇ ಕರೆದುಕೊಂಡು ಹೋದೆ.

ಒಂದು ಕೆಂಪು, ಎರಡು ಕೋಡಿನದು. ಒಂದು ಬಿಳಿ, ಒತ್ತಿದರೆ ದನಿ ಬಾಗಿಸುವ ಸನ್ನೆಕೋಲು ಇದ್ದದ್ದು. ಮೂರನೆಯದು ಕಪ್ಪು, ಮೈತುಂಬ ಗೀರು. ಮೊಮ್ಮಗಳು ಕೆಂಪಿನ ಮೇಲೆ ಕೈ ಇಟ್ಟಳು.

"ಮಾರಿ ನೋಡಿ ತಗೋಬ್ಯಾಡ ತಂಗಿ," ಎಂದು ಕಾಕಾ ಅದನ್ನು ಬಂದೂಕಿನಂತೆ ಕಣ್ಣಿಗೆ ಹಿಡಿದು ಕುತ್ತಿಗೆಯುದ್ದಕ್ಕೂ ನೋಡಿದರು. ಆಮೇಲೆ ಅವಳಿಗೆ ಕೊಟ್ಟರು. "ಏನ ಕಾಣಸ್ತೈತಿ?"

"ಒಂದ ಬಾಜು ಎದ್ದೈತ್ರಿ."

"ತಿರುಚೇತಿ. ಅದನ್ನ ನನಗೂ ನೆಟ್ಟಗ ಮಾಡಾಕ ಆಗೂದಿಲ್ಲ."

ಬಿಳಿಯದರ ಸನ್ನೆಕೋಲನ್ನು ನಾಲ್ಕು ಸಲ ಒತ್ತಿಸಿದರು. ತಂತಿಗಳ ಶ್ರುತಿ ಇಳಿದುಹೋಯಿತು. "ಹಾಡಿಗೊಮ್ಮೆ ಶ್ರುತಿ ಮಾಡ್ಕೋತ ನಿಂದರ್ತೀಯೇನು?" ಎಂದು ಅದನ್ನೂ ಗೋಡೆಗೆ ತೂಗಿದರು. ಕಪ್ಪನ್ನು ದನಿ ದೊಡ್ಡದು ಮಾಡುವ ಆಂಪ್ಲಿಫೈಯರ್ ಡಬ್ಬಿಗೆ ಜೋಡಿಸಿ ಗುಂಡಿ ತಿರುಗಿಸಲು ಹೇಳಿದರು. ಕರಕರ ಸದ್ದಿಲ್ಲ. ತಂತಿಯ ಕೆಳಗಿದ್ದ, ಅದರ ನಡುಕ ಹಿಡಿಯುವ ಜೋಡಿ ಸುರುಳಿಗಳ ಮೇಲೆ ಸ್ಕ್ರೂಡ್ರೈವರಿನಿಂದ ಮೆಲ್ಲಗೆ ಕುಟ್ಟಿದರು. ಡಬ್ಬಿ ಟಕ್ ಟಕ್ ಎಂದು ಉತ್ತರ ಕೊಟ್ಟಿತು. ಒಂಟಿ ಸುರುಳಿಯದಾದರೆ ಜೋರು ಮಾಡಿದಾಗ ಗುಂಯ್‌ಗುಡುತ್ತದಂತೆ, ಜೋಡಿಯದು ಸುಮ್ಮನಿರುತ್ತದಂತೆ.

ನಾನು ಬಾಗಿ ನೋಡಿದೆ. ಕುತ್ತಿಗೆಗೆ ಅಡ್ಡ ಹೊಡೆದ ತಂತಿಪಟ್ಟಿಗಳು ಒಂದೇ ಕಡೆ ಸವೆದಿದ್ದವು, ನಾನು ರೊಟ್ಟಿ ಬಡಿಯುವ ಕಟ್ಟಿಗೆಯ ಕೊಣಮಿಗೆಯ ಹಾಗೆ. "ಇದು ಯಾಕ್ರಿ ದಪ್ಪ ತಂತಿ ಕೆಳಗಷ್ಟs ಸವದೈತಿ?" ಎಂದೆ.

ಕಾಕಾ ನನ್ನನ್ನೇ ನೋಡಿದರು. "ಅಕ್ಕಾರ, ನೀವು ನನ್ನ ಅಂಗಡ್ಯಾಗ ಕೆಲಸಕ್ಕ ಬರ್ರಿ. ಇದನ್ನ ಬಾರಿಸಿದವ ತಂಗಿಯಂಥವನs. ದಪ್ಪ ತಂತೀನ ಗುದ್ದಿ ಗುದ್ದಿ ಬಾರಿಸ್ಯಾನ. ಅಷ್ಟ ಗುದ್ದಿಸಿಕೊಂಡೂ ಕುತ್ತಿಗಿ ನೆಟ್ಟಗೈತಿ."

ಕಪ್ಪೇ ಆಯಿತು. ಹೊಸ ತಂತಿ ಹಾಕಿಡುತ್ತೇನೆ, ನಾಡಿದ್ದು ಒಯ್ಯಿರಿ ಎಂದರು. ಮೊಮ್ಮಗಳು ಕಾಲೇಜಿಗೆ ಓಡಿದಳು.

ನಾನು ಅಲ್ಲೇ ಕುಳಿತಿದ್ದೆ. ಕರೆಂಟಿಲ್ಲದೆ ಆ ಗಿಟಾರನ್ನು ಮೀಟಿದರೆ ಖಾಲಿ ಡಬ್ಬಿಗೆ ರಬ್ಬರು ಬಿಗಿದ ಹಾಗೆ ಕೇಳುತ್ತಿತ್ತು.

"ಇದರಾಗ ಜೀವನs ಇಲ್ಲಲ್ರಿ. ತಂಬೂರಿಗೆ ಮಾಡಿದಂಗ ಇದಕ್ಕೂ ಜವಾರಿ ಮಾಡ್ರಿ."

"ಮಾಡಬಹುದೇನೋ. ತಂಗೀನ ಒಂದ ಮಾತು ಕೇಳೋಣ್ರಿ."

"ಅಕಿಗೇನ ತಿಳೀತೈತಿ? ನಾ ಹೇಳಾಕತ್ತೇನಿ, ನೀವು ಮಾಡ್ರಿ."

ಅವರಿಗೂ ಒಳಗೊಳಗೆ ಆಸೆ ಇತ್ತು. ಗಿಟಾರಿನ ತಲೆಯ ಬುಡದಲ್ಲಿ ತಂತಿ ಹಾದುಹೋಗುವ ಬಿಳಿ ಪ್ಲಾಸ್ಟಿಕ್ ಪಟ್ಟಿಯನ್ನು ಅರದಿಂದ ತಿಕ್ಕಿದರು. ಮರುದಿನ ಹೋದಾಗ ಖಾಲಿ ತಂತಿಗಳನ್ನು ಒಂದೊಂದಾಗಿ ಮೀಟಿ ಕೇಳಿಸಿದರು. ಜೇನುಹುಳ ಎದ್ದವು. ಇಬ್ಬರೂ ದೊಡ್ಡ ಕೆಲಸ ಮಾಡಿದವರಂತೆ ಒಂದೊಂದು ಚಹಾ ಹೆಚ್ಚು ಕುಡಿದೆವು.

ಮೊಮ್ಮಗಳು ಅದನ್ನು ದೇಶಪಾಂಡೆ ನಗರದಲ್ಲಿ ಗೆಳೆಯನ ಮನೆಯ ಗ್ಯಾರೇಜಿಗೆ ಒಯ್ದಳು. ಅಲ್ಲೇ ಅವರ ತಾಲೀಮು. ಸಂಜೆ ಮರಳಿ ಬಂದವಳು ಗಿಟಾರನ್ನು ಹೊರಸಿನ ಮೇಲೆ ಬೋರಲು ಹಾಕಿದಳು.

"ಹಾಳಾತು ಆಯಿ. ಖಾಲಿ ತಂತಿ ಬಾರಿಸಿದ್ರ ಬರೇ ಕಸಬರಿಗಿ ಎಳದಂಗ ಸಪ್ಪಳ ಬರ್ತೈತಿ. ಪಟ್ಟಿ ಯಾರೋ ತಿಕ್ಯಾರ. ಧಾರವಾಡದವನಿಗೆ ಫೋನ್ ಮಾಡಾಕತ್ತಾರ ಅವರು."

ಗ್ಯಾದರಿಂಗಿಗೆ ನಾಲ್ಕು ದಿನವಿತ್ತು.

ಮರುದಿನ ಬೆಳಿಗ್ಗೆ ಅಂಗಡಿಯ ಕಟ್ಟೆ ಹತ್ತುವ ಮೊದಲೇ ಅವಳು ಕೇಳಿದಳು. "ಕಾಕಾ, ಇದನ್ನ ತಿಕ್ಕಾಕ ನಿಮಗ ಯಾರ ಹೇಳಿದ್ರು?"

ಕಾಕಾ ನನ್ನ ಕಡೆ ನೋಡಿದರು. ನಾನು ಬುಟ್ಟಿಯ ಬಟ್ಟೆ ಸರಿಮಾಡುತ್ತಿದ್ದೆ. ಅವರು ಬಾಯಿಂದ ದಾರ ತೆಗೆದು ಬೆರಳಿಗೆ ಸುತ್ತಿಕೊಂಡರು.

"ಯಾರೂ ಹೇಳಿಲ್ಲ ತಂಗಿ. ನಂದs ತಲಿ ಓಡಿಸಿದೆ. ತಪ್ಪು ನಂದು."

ರೊಟ್ಟಿ ತೆಳ್ಳಗಾಯಿತೆಂದ ಗಿರಾಕಿಯನ್ನು ಓಣಿಯ ತುದಿಯವರೆಗೆ ಬೈದು ಕಳಿಸುವವಳು ನಾನು. ಅಂದು ಬುಟ್ಟಿಯ ರೊಟ್ಟಿ ಎಣಿಸತೊಡಗಿದೆ.

"ನೀವು ಎಲ್ಲಿ ಬಾರಸ್ತೀರಿ? ನಾ ಕೇಳಬೇಕು," ಎಂದು ಕಾಕಾ ಅಂಗಡಿಯ ಬಾಗಿಲು ಹಾಕಿ ನಮ್ಮ ಜೊತೆ ಆಟೊ ಹತ್ತಿದರು. ಗ್ಯಾರೇಜಿನಲ್ಲಿ ಒಂದು ಸಿಮೆಂಟಿನ ಚೀಲದ ಮೇಲೆ ಕುಳಿತರು. ಹುಡುಗರು ಶುರು ಮಾಡಿದಾಗ ನಾನು ಸೆರಗಿನಿಂದ ಕಿವಿ ಮುಚ್ಚಿಕೊಂಡೆ. ಅವರು ಮುಚ್ಚಿಕೊಳ್ಳಲಿಲ್ಲ. ಮೊಮ್ಮಗಳ ಕಾಲ ಹತ್ತಿರ ಸಣ್ಣದೊಂದು ಕಬ್ಬಿಣದ ಪೆಡಲು ಇತ್ತು. ಅದನ್ನು ತುಳಿದಾಗ ಗಿಟಾರಿನ ದನಿ ಗರಗಸವಾಗುತ್ತಿತ್ತು. ಕಾಕಾ ಅದನ್ನೇ ಹತ್ತು ಸಲ ಮಾಡಿಸಿದರು. ಹಚ್ಚು. ಆರಿಸು. ಹಚ್ಚು. ಕೊನೆಗೆ ತೊಡೆ ತಟ್ಟಿಕೊಂಡು ನಕ್ಕರು.

"ನಿಮ್ಮ ಜವಾರಿ ಇದರಾಗ ಐತಿ! ನಾವು ತಂತ್ಯಾಗ ಮಾಡ್ತೇವಿ, ನೀವು ಪೆಡಲಿನ್ಯಾಗ ಮಾಡ್ತೀರಿ. ಎರಡೂ ಕಡೆ ಮಾಡಿದ್ರ ರಾಡಿ ಆಗೂದs. ತಂತಿ ತೊಳದಂಗ ಇರಬೇಕು, ಹೊಲಸು ಆಮ್ಯಾಲೆ ಹಚ್ಕೋತೀರಿ."

ಹುಡುಗರಿಗೂ ನಗು ಬಂತು. "ಧಾರವಾಡದವಗ ಎರಡು ದಿನ ತಡಿ ಅನ್ನಪ್ಪಾ," ಎಂದು ಕಾಕಾ ಅವರಿಗೆ ಹೇಳಿ ಎದ್ದರು.

ಆ ಎರಡು ದಿನ ಯಾರದೋ ತಂಬೂರಿ ಅಂಗಡಿಯಲ್ಲಿ ಹಾಗೇ ಒರಗಿ ನಿಂತಿತ್ತು. ಅದಕ್ಕೆಂದು ತೆಗೆದಿಟ್ಟಿದ್ದ ಎಲುಬಿನ ತುಂಡನ್ನು ಕೊಯ್ದು ಗಿಟಾರಿಗೆ ಹೊಸ ಪಟ್ಟಿ ಮಾಡಿದರು. ತಂತಿಗೊಂದು ಗೀರು, ಒಂದೊಂದನ್ನೂ ನಾಲ್ಕು ಸಲ ತೆಗೆದು ಹಾಕಿ ನೋಡಿದರು. ಕಣ್ಣಿಗೆ ಪುಡಿ ಹೋಗಿ ಕೆಂಪಾಗಿತ್ತು. ಪಟ್ಟಿ ಕೂರಿಸಿದ ಮೇಲೆ ಅವರ ಕೈ ರೂಢಿಯಿಂದ ದಾರದ ಕಡೆ ಹೋಯಿತು.

"ಅದನ್ನ ಬಾಯಾಗs ಇಟ್ಕೋರಿ," ಎಂದೆ.

ಗ್ಯಾದರಿಂಗಿನಲ್ಲಿ ಮೊಮ್ಮಗಳೇ ಬಾರಿಸಿದಳು. ನಾವಿಬ್ಬರು ಹಿಂದಿನ ಸಾಲಿನಲ್ಲಿದ್ದೆವು. ನನಗೆ ಒಂದೂ ತಿಳಿಯಲಿಲ್ಲ. "ಛಲೋ ಐತೇನ್ರಿ?" ಎಂದು ಕಾಕಾನ ಕಿವಿಯಲ್ಲಿ ಕೂಗಿದೆ.

"ಛಲೋ ಐತೋ ಇಲ್ಲೋ ನನಗೂ ಗೊತ್ತಿಲ್ರಿ. ಖಾಲಿ ತಂತಿ ಸ್ವಚ್ಛ ಐತಿ."

ಮರಳಿ ಬರುವಾಗ, ಅಂದು ನನ್ನ ಹೆಸರು ಯಾಕೆ ಹೇಳಲಿಲ್ಲ ಎಂದು ಕೇಳಿದೆ. "ನೀವು ಹೇಳಿದ್ದು ಖರೇ ಅಕ್ಕಾರ. ಅರ ಹಿಡಿದ ಕೈ ನಂದಲ್ಲೇನ್ರಿ?" ಎಂದರು. ದಾರ ಕೈಯಲ್ಲಿತ್ತು.

ಅದಾಗಿ ನಾಲ್ಕು ವರ್ಷಕ್ಕೆ ಒಂದು ದಿನ ರೊಟ್ಟಿ ಒಯ್ದಾಗ ಅಂಗಡಿಯ ಬಾಗಿಲು ಹಾಕಿತ್ತು. ಎದೆ ನೋವಂತೆ, ಬೆಳಗಿನ ಜಾವ ಹೋದರಂತೆ. ಮನೆಗೆ ಹೋಗಿ ನೋಡಿದೆ. ದಾರವಿಲ್ಲದ ಆ ತುಟಿಗಳನ್ನು ಬೇರೆ ಯಾರದೋ ತುಟಿ ಎಂದುಕೊಂಡೆ. ಅತ್ತು ತೋರಿಸುವುದು ನನಗೆ ಬರುವುದಿಲ್ಲ. ಅಂದಿನ ರೊಟ್ಟಿ ಅವರ ಮನೆಯಲ್ಲಿಟ್ಟು ಬಂದೆ.

ಮೊಮ್ಮಗಳು ಈಗ ಧಾರವಾಡದಲ್ಲಿ ಹೈಸ್ಕೂಲಿಗೆ ಗಣಿತ ಕಲಿಸುತ್ತಾಳೆ. ಕಪ್ಪು ಗಿಟಾರ್ ಇನ್ನೂ ಇದೆ. ಎಲುಬಿನ ಪಟ್ಟಿ ತುಸು ಹಳದಿಯಾಗಿದೆ, ಸೀಳಿಲ್ಲ. ಮನೆಗೆ ಯಾರೇ ಬರಲಿ, ಅದನ್ನು ತೋರಿಸಿ, "ನಮ್ಮ ಪೇಟಿ ಕಾಕಾ ಇದನ್ನ ಮೊದಲ ಹಾಳ ಮಾಡಿ ಆಮ್ಯಾಲೆ ನೆಟ್ಟಗ ಮಾಡಿದ್ರು," ಎಂದು ನಗುತ್ತಾಳೆ. ಬಂದವರೂ ನಗುತ್ತಾರೆ. ನಾನು ಒಳಗೆ ಹಂಚಿನ ಮುಂದೆ ಕುಳಿತು ಕೇಳಿಸಿಕೊಳ್ಳುತ್ತೇನೆ.

ಕೇಳು ಮೊಮ್ಮಗಳೇ, ಹಾಳು ಮಾಡಿಸಿದವಳು ನಾನು. ನಿನ್ನನ್ನು ಒಂದು ಮಾತು ಕೇಳೋಣ ಎಂದವರು ಅವರು, ಬೇಡ ಎಂದವಳು ನಾನು. ಇನ್ನು ಮೇಲೆ ಗಿಟಾರ್ ತೋರಿಸುವಾಗ ಇದನ್ನೂ ಸೇರಿಸಿ ಹೇಳು ಮಗಳೇ.